ದಿನಗಳ ಲೆಕ್ಕ

ತೊಗರಿ ರಾಶಿಯ ದಿನಗಳಲ್ಲಿ ನಮ್ಮ ಸುಲೇಪೇಟದ ಶಾಲೆಯ ಹಾಜರಿ ಪುಸ್ತಕ ನೋಡುವಂತಿರುವುದಿಲ್ಲ. ದೊಡ್ಡ ಹುಡುಗಿಯರು ತಂಗಿ ತಮ್ಮಂದಿರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುತ್ತಾರೆ, ಹುಡುಗರು ಕಣದ ಕಡೆ ಓಡುತ್ತಾರೆ. ತೊಗರಿ ಹೊಟ್ಟಿನ ಧೂಳು ಕಿಟಕಿಯಿಂದ ಬಂದು ಮೇಜಿನ ಮೇಲೆ ತೆಳ್ಳಗೆ ಕೂಡುತ್ತದೆ. 2018ರ ಜನವರಿಯ ಅಂಥ ಒಂದು ಮಧ್ಯಾಹ್ನ, ನನ್ನ ಕೈಯಲ್ಲಿ ಏಳನೆಯ ತರಗತಿಯವರೆಗೆ ಓದಿದ ಹುಡುಗಿಯೊಬ್ಬಳು ಶಾಲೆಯ ಪಡಸಾಲೆಯ ಕಂಬಕ್ಕೆ ಒರಗಿ ನಿಂತಿದ್ದಳು. ಹುಡುಗಿ ಎಂದೆ, ಆಗಲೇ ಅವಳು ಎರಡು ಮಕ್ಕಳ ತಾಯಿ, ಪಕ್ಕದ ಹಳ್ಳಿಯ ಸೊಸೆ. ಹೆಸರು ಇಲ್ಲಿ ಬೇಡ.

ಸಂತೆಗೆ ಬಂದವಳು ಮಾತಾಡಿಸಿ ಹೋಗಲು ಬಂದಿರಬೇಕು ಎಂದುಕೊಂಡೆ. ಮಕ್ಕಳನ್ನು ಕೇಳಿದೆ, ಅತ್ತೆಯನ್ನು ಕೇಳಿದೆ, ಈ ಸಲ ತೊಗರಿ ಎಷ್ಟು ಚೀಲ ಆದೀತೆಂದು ಕೇಳಿದೆ. ಎಲ್ಲಕ್ಕೂ ಉತ್ತರ ಹೇಳಿ, ಕಡೆಗೆ ನೆಲ ನೋಡುತ್ತ ಅಂದಳು: "ಟೀಚರ್ರಿ, ನಿಂದ್ರವಲ್ದು. ಹತ್ತೊಂಬತ್ತು ದಿನ ಆತು."

ಏನು ನಿಲ್ಲುತ್ತಿಲ್ಲ ಎಂದು ನಾನು ಕೇಳಬೇಕಾಗಿರಲಿಲ್ಲ. ಅವಳ ಗಂಡ ಔಷಧದ ಅಂಗಡಿಯಿಂದ ಐದು ಗುಳಿಗೆಯ ಡಬ್ಬಿ ತಂದುಕೊಟ್ಟಿದ್ದ. ಡಾಕ್ಟರನ್ನು ಕಂಡಿರಲಿಲ್ಲ. ಮೂರನೆಯದು ಬೇಡವೆಂದು ಇಬ್ಬರೂ ಮಾತಾಡಿಕೊಂಡೇ ತೀರ್ಮಾನಿಸಿದ್ದರು. "ಮಾಡಬಾರದ್ದು ಮಾಡೀನ್ರಿ. ದೇವರು ದಿನಾ ಇಷ್ಟಿಷ್ಟು ಲೆಕ್ಕ ತಗೊಳ್ಳಾಕತ್ಯಾನ" ಎಂದಳು.

ನಾನು ಏನು ಹೇಳಿದೆನೆಂಬುದು ನನಗೆ ಅಕ್ಷರಕ್ಷರ ನೆನಪಿದೆ. "ಹೆದರಬ್ಯಾಡ ತಂಗೀ. ಕೆಲವರಿಗೆ ಹಿಂಗ ಆಗತದ. ತಾನs ನಿಂದರತದ."

ಇದನ್ನೆಲ್ಲ ಈಗ ಬರೆಯಲು ಕೂತದ್ದಕ್ಕೆ ಆ "ಕೆಲವರಿಗೆ" ಎಂಬ ಮಾತೇ ಕಾರಣ.

ಇಪ್ಪತ್ತು ವರ್ಷ ಹಿಂದೆ, 1998ರಲ್ಲಿ, ಆ ಕೆಲವರಲ್ಲಿ ನಾನೂ ಒಬ್ಬಳಾಗಿದ್ದೆ. ಬಿ.ಎಡ್. ಮುಗಿಸಿ ನೌಕರಿಗೆ ಸೇರಿ ಬಹಳ ವರ್ಷವಾಗಿರಲಿಲ್ಲ. ಎರಡನೆಯ ಮಗು ಇನ್ನೂ ಮೊಲೆ ಬಿಟ್ಟಿರಲಿಲ್ಲ. ಮೂರನೆಯದು ನಿಂತಿದೆ ಎಂದು ತಿಳಿದ ದಿನ ನಾನೂ ನಮ್ಮ ಮನೆಯವರೂ ರಾತ್ರಿಯಿಡೀ ಮಾತಾಡಿದೆವು. ಅತ್ತೆಯವರಿಗೆ ತರಬೇತಿ ಇದೆ ಎಂದು ಹೇಳಿ ಬೆಳಗಿನ ಬಸ್ಸಿಗೆ ಗುಲ್ಬರ್ಗಕ್ಕೆ ಹೋಗಿ, ಒಂದು ದವಾಖಾನೆಯಲ್ಲಿ ತೆಗೆಸಿಕೊಂಡು, ಸಂಜೆಯ ಬಸ್ಸಿಗೆ ತಿರುಗಿ ಬಂದೆ. ದವಾಖಾನೆಯಲ್ಲಿ ಕೊಟ್ಟ ಚೀಟಿಯಲ್ಲಿ ಗುಳಿಗೆಗಳ ಹೆಸರಿತ್ತು. ಮುಂದೆ ನನ್ನ ಮೈಯಲ್ಲಿ ಏನೇನು ಆದೀತು ಎಂಬುದನ್ನು ಯಾರೂ ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ.

ನಾಲ್ಕು ದಿನ ಹೋಯಿತು, ನಿಂತಿತು. ತಲೆಗೆ ನೀರು ಹಾಕಿಕೊಂಡು ದೇವರ ಕೋಣೆಗೆ ದೀಪ ಹಚ್ಚಿದೆ. ಎರಡು ದಿನ ಬಿಟ್ಟು ಮತ್ತೆ ಕಲೆ. ಒಮ್ಮೆ ಕಂದು ಬಣ್ಣ, ಒಮ್ಮೆ ಕೆಂಪು, ಒಂದು ದಿನ ಇಲ್ಲವೇ ಇಲ್ಲ, ಮರುದಿನ ನೀರು ಎತ್ತಿ ಇಳಿಸಿದ ಮೇಲೆ ಮತ್ತೆ. "ಇದೆಂಥಾ ಮುಟ್ಟ ನಿಂದು, ನೆಂಟರಂಗ ಬರತದ ಹೋಗತದ?" ಎಂದು ಅತ್ತೆ ಕೇಳಿದರು. ಅವರು ಗೋಡೆಯ ಕ್ಯಾಲೆಂಡರು ನೋಡುವುದಕ್ಕೆ ಮೊದಲು ನಾನೇ ನೋಡಿ, ತಾರೀಖಿನ ಕೆಳಗೆ ಪೆನ್ಸಿಲಿನಿಂದ ಯಾರಿಗೂ ಕಾಣದಷ್ಟು ಸಣ್ಣ ಚುಕ್ಕೆ ಇಡುತ್ತಿದ್ದೆ. ಶಾಲೆಗೆ ಕಪ್ಪು, ಕಡುನೀಲಿ ಸೀರೆಗಳನ್ನೇ ಉಟ್ಟೆ. ಕುರ್ಚಿಯ ಮೇಲೆ ಪೇಪರು ಮಡಿಸಿ ಕೂತೆ. ಇಪ್ಪತ್ತನಾಲ್ಕು ಚುಕ್ಕೆಗಳಾದ ಮೇಲೆ ಅದು ನಿಂತಿತು. ಅಷ್ಟು ದಿನವೂ ನಾನು ಅಂದುಕೊಂಡದ್ದು ಆ ಹುಡುಗಿ ಅಂದದ್ದನ್ನೇ: ಇದು ನನಗಾದ ಶಿಕ್ಷೆ.

ಇಂಗ್ಲಿಷು ಓದಿದವಳು, ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು ಹಾಗೆ ತಿಳಿದೆಯಾ ಎಂದು ನೀವು ಕೇಳಬಹುದು. ಹೆದರಿಕೆ ಬಂದಾಗ ಓದಿದ್ದು ಹಿಂದೆ ಸರಿಯುತ್ತದೆ, ಕೇಳಿ ಬೆಳೆದದ್ದು ಮುಂದೆ ಬರುತ್ತದೆ. ನಾನು ಕೇಳಿ ಬೆಳೆದದ್ದರಲ್ಲಿ ಹೆಣ್ಣಿನ ರಕ್ತಕ್ಕೆ ಎರಡೇ ಅರ್ಥಗಳಿದ್ದವು. ಒಂದು ಮೈಲಿಗೆ, ಇನ್ನೊಂದು ಪಾಪ.

ಆಮೇಲೆ ಓದಿ, ತಿಳಿದವರನ್ನು ಕೇಳಿ, ನಾನು ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ಪಾಠದಂತೆ ಕಂಡರೆ ಕ್ಷಮಿಸಬೇಕು, ಅದು ನನ್ನ ಉದ್ಯೋಗದ ಗುಣ.

ಗರ್ಭ ನಿಂತಾಗ ಗರ್ಭಚೀಲದ ಒಳಗೋಡೆ ದಪ್ಪಗಾಗಿ ರಕ್ತದಿಂದ ತುಂಬಿರುತ್ತದೆ. ಗರ್ಭ ಹೋದ ಮೇಲೆ ಆ ಒಳಪದರವೆಲ್ಲ ಕಳಚಬೇಕು, ಗರ್ಭ ಅಂಟಿಕೊಂಡಿದ್ದ ಜಾಗ ಮಾಯಬೇಕು. ಅದು ಒಂದೇ ಏಟಿಗೆ ಆಗುವ ಕೆಲಸವಲ್ಲ. ಅದಕ್ಕೇ ರಕ್ತ ಬರುತ್ತದೆ, ನಿಲ್ಲುತ್ತದೆ, ಮತ್ತೆ ಬರುತ್ತದೆ. ಗುಳಿಗೆಯಿಂದ ಆದ ಗರ್ಭಪಾತದಲ್ಲಿ ಮೊದಲ ಗುಳಿಗೆ ಮಿಫೆಪ್ರಿಸ್ಟೋನ್ ಗರ್ಭವನ್ನು ಹಿಡಿದಿಟ್ಟ ಹಾರ್ಮೋನಿನ ಕೆಲಸವನ್ನು ತಡೆಯುತ್ತದೆ. ಒಂದೆರಡು ದಿನ ಬಿಟ್ಟು ತೆಗೆದುಕೊಳ್ಳುವ ಮಿಸೊಪ್ರೊಸ್ಟಾಲ್ ಗರ್ಭಚೀಲವನ್ನು ಹಿಂಡಿ ಖಾಲಿ ಮಾಡುತ್ತದೆ. ಆ ಎರಡನೆಯ ಗುಳಿಗೆಯ ನಂತರದ ಕೆಲವು ತಾಸು ರಕ್ತ ಬಹಳ ಹೋಗುತ್ತದೆ, ಗಡ್ಡೆಗಳೂ ಬೀಳುತ್ತವೆ. ನಂತರ ಸಾಮಾನ್ಯವಾಗಿ ಒಂಬತ್ತರಿಂದ ಹದಿನಾರು ದಿನ ರಕ್ತ ಕಾಣುತ್ತದೆ. ಕೆಲವರಿಗೆ ಬರೀ ಕಲೆಯಂತೆ ತಿಂಗಳವರೆಗೂ ಇರಬಹುದು. ದವಾಖಾನೆಯಲ್ಲಿ ಚೀಲ ಖಾಲಿ ಮಾಡಿಸಿಕೊಂಡವರಿಗೆ ಸಾಧಾರಣವಾಗಿ ಇದಕ್ಕಿಂತ ಕಡಿಮೆ, ಆದರೂ ವಾರ ಎರಡು ವಾರ ಬಿಟ್ಟು ಬಿಟ್ಟು ಕಲೆ ಕಾಣಬಹುದು. ಹೊಸ ಮುಟ್ಟು ನಾಲ್ಕರಿಂದ ಎಂಟು ವಾರದೊಳಗೆ ಬರುತ್ತದೆ. ಮೊದಲ ಒಂದೆರಡು ಮುಟ್ಟು ಹೆಚ್ಚೋ ಕಡಿಮೆಯೋ ಆಗಿ ದಾರಿ ತಪ್ಪಿದಂತೆ ಕಾಣುವುದೂ ಉಂಟು.

ಇನ್ನೊಂದು ಮಾತು ಬಹಳ ಜನರಿಗೆ ಗೊತ್ತಿಲ್ಲ. ಮುಟ್ಟು ಬರುವ ಮೊದಲೇ, ಎರಡು ವಾರ ತುಂಬುವುದರೊಳಗೇ ಮತ್ತೆ ಗರ್ಭ ನಿಲ್ಲಬಹುದು. ಹಾಗಾಗಿ ಕಾಪರ್-ಟಿಯೋ, ಗುಳಿಗೆಯೋ, ಸರಕಾರಿ ದವಾಖಾನೆಯಲ್ಲಿ ಪುಕ್ಕಟೆ ಹಾಕುವ ಅಂತರಾ ಚುಚ್ಚುಮದ್ದೋ, ಯಾವುದೆಂದು ಆಗಲೇ ಕೇಳಿಕೊಳ್ಳಬೇಕು. ಅಂತರಾ ಹಾಕಿಸಿಕೊಂಡವರಿಗೆ ಅದರಿಂದಲೇ ಮುಟ್ಟು ಏರುಪೇರಾಗುತ್ತದೆ. ಅದನ್ನೂ ಮೊದಲೇ ತಿಳಿದಿದ್ದರೆ ಗಾಬರಿ ಇಲ್ಲ.

ಆದರೆ ಎಲ್ಲ ರಕ್ತವೂ ಸಹಜವಲ್ಲ. ಒಂದು ತಾಸಿಗೆ ಎರಡು ದಪ್ಪ ಪ್ಯಾಡು ಪೂರ್ತಿ ನೆನೆದು, ಹಾಗೆ ಎರಡು ತಾಸು ಹೋದರೆ ಅದು ಕಾಯುವ ಹೊತ್ತಲ್ಲ, 108ಕ್ಕೆ ಕರೆ ಮಾಡುವ ಹೊತ್ತು. ಜ್ವರ ಬಂದು ಇಳಿಯದಿದ್ದರೆ, ಕೆಟ್ಟ ವಾಸನೆ ಇದ್ದರೆ, ಹೊಟ್ಟೆನೋವು ಗುಳಿಗೆಗೂ ಬಗ್ಗದಿದ್ದರೆ, ಕಣ್ಣು ಕತ್ತಲೆ ಬಂದು ತಲೆ ತಿರುಗಿದರೆ, ಒಳಗೆ ಚೂರು ಉಳಿದಿದೆ ಅಥವಾ ನಂಜಾಗಿದೆ ಎಂದು ತಿಳಿಯಬೇಕು. ಗುಳಿಗೆ ತೆಗೆದುಕೊಂಡರೂ ರಕ್ತವೇ ಬಾರದಿದ್ದರೆ ಅದೂ ಅಪಾಯವೇ. ಗರ್ಭ ಚೀಲದಲ್ಲಿ ನಿಲ್ಲದೆ ನಾಳದಲ್ಲಿ ನಿಂತಿರಬಹುದು, ಅದನ್ನು ಈ ಗುಳಿಗೆಗಳು ತೆಗೆಯಲಾರವು. ಅದಕ್ಕಾಗಿಯೇ ಡಾಕ್ಟರು ಮೊದಲು ಪರೀಕ್ಷೆ ಮಾಡಬೇಕು ಎನ್ನುವುದು. ಅಂಗಡಿಯವನ ಕೈಯಿಂದ ಡಬ್ಬಿ ಬಂದಾಗ ಈ ಪರೀಕ್ಷೆ ತಪ್ಪಿಹೋಗುತ್ತದೆ.

ಇದನ್ನೆಲ್ಲ ಕೂಡಿಸಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಎಷ್ಟು ದಿನ ಎಂಬುದಕ್ಕಿಂತ ಎಷ್ಟು ರಕ್ತ, ಜೊತೆಗೆ ಮತ್ತೇನು ಎಂಬುದು ದೊಡ್ಡ ಪ್ರಶ್ನೆ. ನಾನು ಅವಳಿಗೆ ಆ ಪ್ರಶ್ನೆಯನ್ನು ಕೇಳಲೇ ಇಲ್ಲ. ನಮ್ಮ ಅತ್ತೆಯವರಂತೆ ನಾನೂ ದಿನಗಳನ್ನಷ್ಟೇ ಎಣಿಸಿದೆ. ನನಗೆ ಇಪ್ಪತ್ತನಾಲ್ಕಾಗಿತ್ತು, ಇವಳಿಗೆ ಹತ್ತೊಂಬತ್ತು, ಇನ್ನೂ ಸಮಯವಿದೆ ಎಂದು ಮನಸ್ಸಿನಲ್ಲಿಯೇ ಲೆಕ್ಕ ಹಾಕಿ, ಉತ್ತರ ಮಾತ್ರ ಹೇಳಿ ಕಳಿಸಿದೆ.

ಮೂರನೆಯ ದಿನ ಅವಳು ಕಣದಲ್ಲಿ ಬಿದ್ದಳು. ಟಂಟಂದಲ್ಲಿ ಮಲಗಿಸಿಕೊಂಡು ದೊಡ್ಡ ದವಾಖಾನೆಗೆ ಒಯ್ದರು. ಒಳಗೆ ಚೂರು ಉಳಿದಿತ್ತು, ಮೈಯಲ್ಲಿ ರಕ್ತ ಅರ್ಧಕ್ಕೆ ಇಳಿದಿತ್ತು. ಚೀಲ ಸ್ವಚ್ಛ ಮಾಡಿ, ರಕ್ತ ಏರಿಸಿ, ಉಳಿಸಿಕೊಂಡರು. ನಮ್ಮ ದೇಶದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಮೊದಲೇ ಖಾಲಿಯಾದ ಕೊಡದಿಂದ ದಿನಾ ಒಂದು ತಂಬಿಗೆ ಚೆಲ್ಲಿದರೆ ಎಷ್ಟು ದಿನ ತಡೆದೀತು?

ನೋಡಲು ಹೋದಾಗ ಅವಳು ಮಂಚದ ಮೇಲಿದ್ದಳು, ಮೋರೆ ಸುಣ್ಣದಂತಾಗಿತ್ತು. ನಾನು ಪಕ್ಕದಲ್ಲಿ ಕೂತು, ಅತ್ತೆ ಹೊರಗೆ ಹೋದ ಮೇಲೆ, ನನ್ನದನ್ನು ಹೇಳಿದೆ. 1998, ಗುಲ್ಬರ್ಗದ ಬಸ್ಸು, ಕ್ಯಾಲೆಂಡರಿನ ಚುಕ್ಕೆಗಳು. ಅವಳು ಸುಮ್ಮನೆ ಕೇಳಿದಳು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ನಿಮಗ ಎಷ್ಟು ಹೋಗತಿತ್ರಿ?"

"ಕಲೆ ಕಾಣತಿತ್ತು ಅಷ್ಟs. ದಿನಕ್ಕ ಒಂದು ಅರಿವಿ."

"ನನಗ ದಿನಕ್ಕ ಎಂಟು ಹತ್ತು ಆಗತಿದ್ದುವ್ರಿ" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ನನಗೆ ಮಾತ್ರ ಕೆನ್ನೆಗೆ ಹೊಡೆದಂತಾಯಿತು. ಆ ಮಧ್ಯಾಹ್ನ ಪಡಸಾಲೆಯಲ್ಲಿ "ನನಗೂ ಆಗಿತ್ತು, ದಿನಕ್ಕೆ ಒಂದು ಅರಿವಿ" ಎಂದಿದ್ದರೆ, ಅವಳು ಆಗಲೇ "ನನ್ನದು ಹಾಗಲ್ಲ" ಅನ್ನುತ್ತಿದ್ದಳು. ನನ್ನ ಅನುಭವದಿಂದ ಬಂದ ಸಮಾಧಾನವನ್ನು ಕೊಟ್ಟೆ, ಅನುಭವವನ್ನು ಮುಚ್ಚಿಟ್ಟೆ. "ಕೆಲವರಿಗೆ" ಎಂಬ ಮಾತಿನ ಸೆರಗಿನ ಹಿಂದೆ ನಿಂತುಕೊಂಡು ಅವಳಿಗೆ ಸುಳ್ಳು ಹೇಳಿದಂತಾಯಿತು. ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೂ ಅದು ಅವಳನ್ನು ದಾರಿ ತಪ್ಪಿಸಿತು.

ಹಾಗಾದರೆ ಎಲ್ಲರೂ ತಮ್ಮ ಒಳಗಿನದನ್ನೆಲ್ಲ ಬಯಲಿಗೆ ಹಾಕಬೇಕೇ? ಈ ಪ್ರಶ್ನೆಯನ್ನು ನಾನು ಬಹಳ ದಿನ ತಿರುವಿ ಹಾಕಿದ್ದೇನೆ. ಹಾಗೆ ನನಗೆ ಅನಿಸುವುದಿಲ್ಲ. ಗುಟ್ಟು ಇಟ್ಟುಕೊಳ್ಳುವ ಹಕ್ಕು ಹೆಂಗಸಿಗೆ ಇದೆ, ಕಾನೂನೂ ಅದನ್ನು ಕೊಟ್ಟಿದೆ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯ ಪ್ರಕಾರ ಹದಿನೆಂಟು ತುಂಬಿದ ಹೆಂಗಸಿನ ಒಪ್ಪಿಗೆ ಒಂದೇ ಸಾಕು; ಗಂಡನ ಸಹಿ ಬೇಕೆಂದು ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ. 2021ರ ತಿದ್ದುಪಡಿಯಲ್ಲಿ ಅವಳ ಹೆಸರು, ವಿವರಗಳನ್ನು ಡಾಕ್ಟರು ಹೊರಗೆ ಹೇಳಕೂಡದೆಂದು ಸೇರಿಸಿದರು. ಮದುವೆಯಾಗದವರಿಗೂ ಮದುವೆಯಾದವರಷ್ಟೇ ಹಕ್ಕಿದೆ ಎಂದು ಸುಪ್ರೀಂ ಕೋರ್ಟು 2022ರ ಸೆಪ್ಟೆಂಬರಿನಲ್ಲಿ ತೀರ್ಪು ಕೊಟ್ಟಿತು. ನನ್ನ ಗುಟ್ಟು ನನ್ನದು. ಅದನ್ನು ಯಾರಾದರೂ ಕೆದಕಿ ತೆಗೆದರೆ ಅದು ಅನ್ಯಾಯ.

ಆದರೆ ಆ ಗುಟ್ಟಿನೊಳಗೆ ಇನ್ನೊಬ್ಬಳಿಗೆ ಬೇಕಾದ ತಿಳುವಳಿಕೆ ಇದ್ದರೆ? ಹೆಸರು, ಊರು, ಕಾರಣ, ಇವೆಲ್ಲ ನನ್ನವು. ಎಷ್ಟು ದಿನ, ಎಷ್ಟು ರಕ್ತ, ಯಾವಾಗ ಹೆದರಬೇಕು, ಎಲ್ಲಿಗೆ ಹೋಗಬೇಕು, ಇವು ನನ್ನವಲ್ಲ. ಬಾವಿಯ ದಾರಿ ಕಂಡವಳು ಬಾಯಾರಿದವಳಿಗೆ ದಾರಿ ತೋರಿಸಬೇಕು. ತಾನು ಯಾಕೆ ಅಲ್ಲಿಗೆ ಹೋಗಿದ್ದೆ ಎಂದು ಹೇಳುವುದು ಬಿಡುವುದು ಅವಳ ಇಚ್ಛೆ. ನಾಚಿಕೆ ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಬಿಡುತ್ತದೆ. ನನಗೆ ಗಂಟು ಬಿಚ್ಚಲು ಇಪ್ಪತ್ತು ವರ್ಷ ಬೇಕಾಯಿತು.

ಇನ್ನು ಶಿಕ್ಷೆಯ ಮಾತು. ಅವಳ ಹೆದರಿಕೆಗೂ ನನ್ನ ಹೆದರಿಕೆಗೂ ಬೇರು ಅದೇ.

ಬಾಣಂತಿಗೆ ಎಷ್ಟು ದಿನ ರಕ್ತ ಹೋಗುತ್ತದೆ ಎಂಬುದು ನಮ್ಮ ಮನೆಯ ಹಿರಿಯರೆಲ್ಲರಿಗೂ ಗೊತ್ತು. ನಾಲ್ಕು ವಾರ, ಆರು ವಾರ. ಅದೂ ಕೆಂಪಿನಿಂದ ಕಂದು, ಕಂದಿನಿಂದ ಬಿಳಿ, ನಿಂತು ಮತ್ತೆ ಬರುವುದು. ಆಗ ನಾವು ಏನು ಮಾಡುತ್ತೇವೆ? ತಲೆಗೆ ಎಣ್ಣೆ ಹಚ್ಚಿ ಬಿಸಿ ನೀರು ಹಾಕುತ್ತೇವೆ, ಹೊಟ್ಟೆ ಕಟ್ಟುತ್ತೇವೆ, ಅಂಟಿನ ಉಂಡೆ ಮಾಡಿಕೊಡುತ್ತೇವೆ. ಗಂಡು ಹೆತ್ತವಳಿಗೂ ಹಾಗೆಯೇ ರಕ್ತ ಹೋಗುತ್ತದೆ. ಅವಳಿಗೆ ದೇವರು ಶಿಕ್ಷೆ ಕೊಟ್ಟನೆಂದು ಯಾರೂ ಅನ್ನುವುದಿಲ್ಲ. ಹಂಬಲಿಸಿ ಹಂಬಲಿಸಿ ನಿಂತ ಗರ್ಭ ತಾನಾಗಿ ಇಳಿದುಹೋದವಳಿಗೂ ಅದೇ ರಕ್ತ, ಅಷ್ಟೇ ದಿನ. ಅವಳು ಯಾವ ತಪ್ಪು ಮಾಡಿದ್ದಾಳೆ? ಗರ್ಭಚೀಲಕ್ಕೆ ಈ ಮೂವರ ನಡುವಿನ ವ್ಯತ್ಯಾಸ ತಿಳಿಯದು. ಖಾಲಿಯಾಗುವುದು, ಮಾಯುವುದು, ಇಷ್ಟೇ ಅದಕ್ಕೆ ಗೊತ್ತಿರುವ ಕೆಲಸ. ಮೂವರಿಗೂ ಒಂದೇ ಆಗುವ ಸಂಗತಿಯನ್ನು ಒಬ್ಬಳಿಗೆ ಮಾತ್ರ ಶಿಕ್ಷೆ ಎಂದು ಹೇಗೆ ಓದುವುದು?

ಮೈಲಿಗೆಯ ಮಾತೂ ಹಾಗೆಯೇ. ನಮ್ಮ ಮನೆಯಲ್ಲಿ ಎಲ್ಲರ ಕೊರಳಲ್ಲೂ ಲಿಂಗವಿದೆ. ಹನ್ನೆರಡನೆಯ ಶತಮಾನದಲ್ಲಿ, ನಮ್ಮಿಂದ ಬಹಳ ದೂರವಲ್ಲದ ಕಲ್ಯಾಣದಲ್ಲಿ, ಶರಣರು ಪಂಚಸೂತಕಗಳನ್ನು ಬಿಟ್ಟರು. ಆ ಐದರಲ್ಲಿ ಮುಟ್ಟಿನ ಸೂತಕವೂ ಒಂದು. ಎಂಟುನೂರು ವರ್ಷಗಳ ಮೇಲೆಯೂ ನಾನು ಆ ಇಪ್ಪತ್ತನಾಲ್ಕು ದಿನ ದೇವರ ಕೋಣೆಯ ಹೊಸ್ತಿಲು ಯಾವಾಗ ದಾಟಬಹುದು, ಯಾವಾಗ ದಾಟಬಾರದು ಎಂದು ಲೆಕ್ಕ ಹಾಕುತ್ತಿದ್ದೆ. ಕೊರಳಲ್ಲಿರುವ ದೇವರು ಮೈಯ ಜೊತೆಗೇ ಇದ್ದ. ಅವನನ್ನು ಬಿಟ್ಟು ಕೋಣೆಯಲ್ಲಿದ್ದವನಿಗೆ ಹೆದರಿದೆ.

ತೆಗೆಸಿದ್ದು ಸರಿಯೋ ತಪ್ಪೋ ಎಂಬ ಪ್ರಶ್ನೆಯನ್ನು ನಾನು ತಪ್ಪಿಸಿಕೊಳ್ಳುತ್ತಿಲ್ಲ. ಹೆಣ್ಣೆಂದು ತಿಳಿದು ತೆಗೆಸುವುದು ತಪ್ಪು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಲಿಂಗ ಪತ್ತೆಯನ್ನು 1994ರ ಕಾಯ್ದೆ ನಿಷೇಧಿಸಿದೆ. ಆದರೂ ಅಲ್ಲಿ ತಪ್ಪು ಯಾರ ಯಾರದು ಎಂದು ನೋಡಿದರೆ ಮಂಚದ ಮೇಲೆ ಮಲಗಿದವಳ ಪಾಲು ಬಹಳ ಸಲ ಎಲ್ಲರಿಗಿಂತ ಸಣ್ಣದು. ನನ್ನ ವಿಷಯಕ್ಕೆ ಬಂದರೆ, ನಾನು ಆ ಹೊತ್ತಿಗೆ ಎರಡು ಮಕ್ಕಳನ್ನು ಸಾಕುವ ಶಕ್ತಿಯನ್ನಷ್ಟೇ ನನ್ನಲ್ಲಿ ಕಂಡೆ. ಮತ್ತೊಮ್ಮೆ ಆ ದಿನ ಬಂದರೆ ಅದನ್ನೇ ಮಾಡುತ್ತೇನೆ ಅನಿಸುತ್ತದೆ. ಒಮ್ಮೊಮ್ಮೆ ಆ ಮೂರನೆಯದು ಇದ್ದಿದ್ದರೆ ಈಗ ಎಷ್ಟು ವಯಸ್ಸಾಗಿರುತ್ತಿತ್ತು ಎಂದೂ ನೆನೆಯುತ್ತೇನೆ. ಎರಡೂ ನಿಜ. ಇದನ್ನು ಒಪ್ಪದವರು ನಿಮ್ಮಲ್ಲಿ ಇರಬಹುದು, ಅವರ ಮಾತನ್ನೂ ನಾನು ಕೇಳಬಲ್ಲೆ. ಆದರೆ ಅವರಲ್ಲಿ ನನ್ನದೊಂದು ಬೇಡಿಕೆ ಇದೆ. ತೀರ್ಪು ಏನೇ ಇರಲಿ, ರಕ್ತ ಹೋಗುತ್ತಿರುವ ಹೆಂಗಸಿನ ಮುಂದೆ ಕೂತು ತೀರ್ಪು ಕೊಡಬಾರದು. ಮೊದಲು ಗಾಡಿ ತರಿಸಬೇಕು.

ಮೊದಲು ತೀರ್ಪು ಎಂದು ಕೂತರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಬೆಳಗಾವಿಯ ಮನೆಯೊಂದು ಸಾಕ್ಷಿ. ದಂತವೈದ್ಯೆ ಸವಿತಾ ಹಾಲಪ್ಪನವರ ಗಂಡನೊಡನೆ ಐರ್ಲೆಂಡಿನ ಗಾಲ್ವೇ ಊರಿನಲ್ಲಿದ್ದರು. 2012ರ ಅಕ್ಟೋಬರಿನಲ್ಲಿ, ಹದಿನೇಳನೆಯ ವಾರದಲ್ಲಿ, ಬಯಸಿದ ಗರ್ಭವೇ ಇಳಿಯತೊಡಗಿತು. ಉಳಿಯುವುದಿಲ್ಲವೆಂದು ಡಾಕ್ಟರುಗಳಿಗೂ ಗೊತ್ತಿತ್ತು. ತೆಗೆದುಬಿಡಿ ಎಂದು ಸವಿತಾ ಕೇಳಿದರು. ಭ್ರೂಣದ ಎದೆ ಬಡಿಯುತ್ತಿದೆ, ಇಲ್ಲಿಯ ಕಾನೂನು ಬಿಡುವುದಿಲ್ಲ ಎಂದು ಕಾದರು. ನಂಜು ಮೈಯೆಲ್ಲ ಏರಿ ಅಕ್ಟೋಬರ್ 28ರಂದು ಅವರು ತೀರಿಹೋದರು, ವಯಸ್ಸು 31. ಆ ದೇಶದ ಜನ 2018ರ ಮೇ ತಿಂಗಳಲ್ಲಿ ಮತ ಹಾಕಿ ಸಂವಿಧಾನದ ಆ ವಿಧಿಯನ್ನೇ ತೆಗೆದುಹಾಕಿದರು, ನೂರಕ್ಕೆ 66ಕ್ಕೂ ಹೆಚ್ಚು ಮತ ಅದರ ಪರವಾಗಿ ಬಂತು. ಅಲ್ಲಿ ಕಾನೂನು ತಡೆಯಿತು. ಇಲ್ಲಿ ನಮ್ಮಲ್ಲಿ ಕಾನೂನು 1972ರ ಏಪ್ರಿಲ್‌ನಿಂದ ಬಾಗಿಲು ತೆರೆದೇ ಇಟ್ಟಿದೆ. ಅಷ್ಟಾದರೂ ಆ ಹುಡುಗಿ ಹತ್ತೊಂಬತ್ತು ದಿನ ಬಾಗಿಲ ಹತ್ತಿರ ಹೋಗಲಿಲ್ಲ. ಅವಳನ್ನು ತಡೆದದ್ದು ಸರಕಾರವಲ್ಲ; ಜನ ಏನಂದಾರು ಎಂಬ ಅಂಜಿಕೆ, ಮತ್ತು ನನ್ನಂಥವರ ಬಾಯಿಯಿಂದ ಬಂದ ಅರ್ಧ ಮಾತು.

ಈಗ ಯಾರಾದರೂ ಬಂದು ಪಡಸಾಲೆಯ ಕಂಬಕ್ಕೆ ಒರಗಿ ನಿಂತರೆ ನಾನು ತೊಗರಿಯ ಚೀಲದ ಮಾತು ತೆಗೆಯುವುದಿಲ್ಲ. ಎಷ್ಟು ದಿನ ಎಂದು ಕೇಳಿದ ಮೇಲೆ ಎಷ್ಟು ಅರಿವಿ ಎಂದು ಕೇಳುತ್ತೇನೆ. ಜ್ವರ, ವಾಸನೆ, ತಲೆ ತಿರುಗುವುದು ಕೇಳುತ್ತೇನೆ. ಅನುಮಾನ ಬಂದರೆ ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ಹೊರಡುತ್ತೇನೆ. "ನನಗೂ ಆಗಿತ್ತು" ಎಂಬ ಮಾತು ಬೇಕಾದರೆ ಅದನ್ನೂ ಹೇಳುತ್ತೇನೆ. ಮೊದಲ ಸಲ ಹೇಳುವಾಗ ನಾಲಿಗೆ ಒಣಗಿತ್ತು, ಈಗ ಅಷ್ಟಿಲ್ಲ. ನಮ್ಮ ಅತ್ತೆಯವರಿಗೆ ಕಡೆಯವರೆಗೂ ಹೇಳಲಾಗಲಿಲ್ಲ ಎಂಬ ಒಂದು ಬೇಸರ ಉಳಿದಿದೆ. ಅವರ ಹೊಟ್ಟೆಯಲ್ಲಿಯೂ ಹೇಳದೆ ಉಳಿದ ಇಂಥದೇ ಒಂದು ಮಾತು ಇದ್ದಿರಬಹುದೇ ಎಂದು ಈಗೀಗ ಅನಿಸುತ್ತದೆ.

ಆ ಹುಡುಗಿ ಮರುವರ್ಷ ರಾಶಿ ಮುಗಿದ ಮೇಲೆ ಒಂದು ಸೇರು ಹೊಸ ತೊಗರಿಬೇಳೆ ಕಟ್ಟಿಕೊಂಡು ಬಂದಳು. ಜೊತೆಗೆ ಅವಳ ನೆಗೆಣ್ಣಿಯೂ ಇದ್ದಳು. ಬೇಳೆಯ ಗಂಟು ನನ್ನ ಕೈಗಿಟ್ಟು, ನೆಗೆಣ್ಣಿಯನ್ನು ಮುಂದೆ ತಂದು ನಿಲ್ಲಿಸಿ, "ಟೀಚರ್ರಿ, ಈಕಿಗಿ ನೀವ s ಹೇಳ್ರಿ. ಪೂರಾ ಹೇಳ್ರಿ" ಎಂದಳು.

ನಾನು ಇಬ್ಬರನ್ನೂ ಕೂಡ್ರಿಸಿ ಬಾಗಿಲು ಮುಂದೆ ಮಾಡಿದೆ.